ಕರಾವಳಿಯ ಸೆಕೆಯಲ್ಲಿ ಕ್ಯಾಂಪರ್ ವ್ಯಾನಿನ ಎಸಿ: ಬ್ಯಾಟರಿ ಮೇಲೆ ರಾತ್ರಿಯಿಡೀ ಓಡಿಸುವುದು ಹೇಗೆ

ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿ ತಂಗುವ ಗಾಡಿ, ಮಾಡಿಸಿಕೊಂಡವರೂ ಮಾಡಿಸಬೇಕು ಅಂತ ಇರುವವರೂ ಮೊದಲು ಕೇಳುವುದು ಒಂದೇ ಮಾತು. ರಾತ್ರಿಯಿಡೀ ಎಸಿ ಓಡಬೇಕಾದರೆ ಎಷ್ಟು ದೊಡ್ಡ ಬ್ಯಾಟರಿ ಬೇಕು? ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಗಾಡಿ ಕಟ್ಟಿಸಿ, ಅಲ್ಲಿನ ಹವೆಗೆ ಲೆಕ್ಕ ಹಾಕಿ, ಏಪ್ರಿಲ್ ರಜೆಯಲ್ಲಿ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದು ನಿಲ್ಲಿಸಿದರೆ ಆ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಇರುವುದು ಬರೀ ಬಿಸಿಲಲ್ಲ, ಸೆಕೆ. ಗಾಳಿಯಲ್ಲೇ ನೀರು ತುಂಬಿರುತ್ತದೆ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಆ ನೀರನ್ನೂ ಹಿಂಡಬೇಕು. ಬ್ಯಾಟರಿಯ ಒಂದು ಪಾಲು ಹೋಗುವುದು ಅಲ್ಲಿಗೇ.

ಹಾಗಾಗಿ ಬ್ಯಾಟರಿ ಕೊನೆಯ ವಿಷಯ. ಮೊದಲು ಗಾಡಿಯೊಳಗೆ ಬರುವ ಬಿಸಿಲು ಮತ್ತು ತೇವ ಕಡಿಮೆ ಮಾಡಿ. ಅದಾದ ಮೇಲೆ ಎಸಿ, ಆಮೇಲೆ ಬ್ಯಾಟರಿ. ಈ ಕ್ರಮ ತಿರುಗಿಸಿದರೆ ದುಡ್ಡೂ ಜಾಸ್ತಿ, ಗಾಡಿಯ ತೂಕವೂ ಜಾಸ್ತಿ, ನಿದ್ದೆ ಮಾತ್ರ ಅಷ್ಟಕ್ಕಷ್ಟೇ.

ಬಿಸಿಲು

ಮಧ್ಯಾಹ್ನದ ನೇರ ಬಿಸಿಲು ಅಂದರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 1000 ವ್ಯಾಟ್. ನಿಮ್ಮ ಗಾಡಿಯ ರೂಫ್ 8 ಚದರ ಮೀಟರ್ ಇದ್ದರೆ ಅದರ ಮೇಲೆ 8000 ವ್ಯಾಟ್ ಬಿಸಿಲು ಬೀಳುತ್ತಿದೆ. ಒಂದು ಟನ್ ಎಸಿ ಪೂರ್ತಿ ಶಕ್ತಿ ಹಾಕಿ ಹೊರಗೆ ತಳ್ಳುವ ಶಾಖ ಸುಮಾರು 3500 ವ್ಯಾಟ್ ಮಾತ್ರ. ಬಿದ್ದ ಬಿಸಿಲೆಲ್ಲ ಒಳಗೆ ಬರುವುದಿಲ್ಲ ನಿಜ, ಆದರೆ ಕಪ್ಪು ಅಥವಾ ಗಾಢ ಬಣ್ಣದ ರೂಫ್, ಒಳಗೆ ಸರಿಯಾದ ಇನ್ಸುಲೇಷನ್ ಇಲ್ಲ ಅಂದರೆ ಎಸಿ ಗೆಲ್ಲುವುದು ಕಷ್ಟ. ಕಾರವಾರದಲ್ಲಿ ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸೆಕೆ ಅತಿ ಜಾಸ್ತಿ ಇರುವ ದಿನಗಳೂ ಅವೇ. ಹಾಗಾಗಿ ರೂಫಿಗೆ ಬಿಳಿ ಬಣ್ಣ ಬಳಿಸುವುದು ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಲಾಭದ ಕೆಲಸ. ಮೇಲೆ ಸೋಲಾರ್ ಪ್ಯಾನೆಲ್ ಹಾಕುವುದಾದರೆ ರೂಫಿಗೆ ಅಂಟಿಸಬೇಡಿ. ಕೆಳಗೆ ಗಾಳಿ ಆಡುವಷ್ಟು ಜಾಗ ಬಿಟ್ಟು ಕೂರಿಸಿ, ಆಗ ಪ್ಯಾನೆಲ್ಲೇ ಗಾಡಿಗೆ ನೆರಳಾಗುತ್ತದೆ.

ಇನ್ಸುಲೇಷನ್‌ಗೆ ಗ್ಲಾಸ್ ವುಲ್ ಬೇಡ. ನಮ್ಮ ಹವೆಯಲ್ಲಿ ಅದು ತೇವ ಕುಡಿದು ಒದ್ದೆಯಾಗಿ ಕೂರುತ್ತದೆ, ಹಿಂದಿನ ತಗಡು ತುಕ್ಕು ಹಿಡಿಯುವುದು ಗೊತ್ತೇ ಆಗುವುದಿಲ್ಲ. ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಎಲ್‌ಪಿಇ ಫೋಮ್, 19ರಿಂದ 25 ಮಿ.ಮೀ. ದಪ್ಪದ್ದು, ನಡುವೆ ಸಂದಿ ಇಲ್ಲದ ಹಾಗೆ ತಗಡಿಗೆ ಪೂರ್ತಿ ಅಂಟಿಸಿ. ಬಾಡಿಯ ಕಬ್ಬಿಣದ ಪಟ್ಟಿಗಳನ್ನು ಹಾಗೇ ಬಿಡುತ್ತಾರೆ, ಅವುಗಳ ಮೇಲೂ ತೆಳುವಾಗಿ ಫೋಮ್ ಹೊದಿಸಲು ಹೇಳಿ. ಬಿಸಿ ಒಳಗೆ ಬರುವ ಕಳ್ಳದಾರಿ ಅದು.

ಇನ್ನು ಗಾಜು. ನಮ್ಮ ಕಡಲು ಪಶ್ಚಿಮಕ್ಕಿದೆ. ಕಾರವಾರದ ಮಾಜಾಳಿ ಇರಲಿ, ಹೊನ್ನಾವರದ ಕಾಸರಕೋಡು ಇರಲಿ, ಬಂದವರೆಲ್ಲ ಗಾಡಿಯ ಮುಖ ಕಡಲಿಗೆ ಮಾಡಿ ನಿಲ್ಲಿಸುತ್ತಾರೆ. ನೋಟ ಚಂದ ಇರುತ್ತದೆ. ಆದರೆ ಮಧ್ಯಾಹ್ನ ಮೂರರಿಂದ ಮುಳುಗುವವರೆಗೆ ಸೂರ್ಯ ಮುಂದಿನ ದೊಡ್ಡ ಗಾಜಿನ ಮೂಲಕ ಸೀದಾ ಒಳಗೆ ಹೊಡೆಯುತ್ತಾನೆ. ಸೀಟು, ಡ್ಯಾಶ್‌ಬೋರ್ಡ್, ಹಾಸಿಗೆ, ಪ್ಲೈವುಡ್ ಎಲ್ಲ ಕಾದು ಕೂರುತ್ತವೆ, ರಾತ್ರಿ ಹತ್ತರವರೆಗೂ ಆ ಬಿಸಿ ಬಿಡುತ್ತಲೇ ಇರುತ್ತವೆ. ಗಾಡಿಯ ಬೆನ್ನು ಕಡಲಿಗೆ, ಮುಖ ಪೂರ್ವಕ್ಕೆ ಮಾಡಿ ನಿಲ್ಲಿಸಿ. ಹಿಂದಿನ ಬಾಗಿಲು ತೆಗೆದರೆ ಕಡಲು ಹೇಗೂ ಕಾಣುತ್ತದೆ. ಬೆಳಗಿನ ಬಿಸಿಲು ಮುಂದಿನ ಗಾಜಿಗೆ ಬರುತ್ತದೆ, ಅದಕ್ಕೆ ಹೊರಗಿನಿಂದ ಕವರ್ ಹಾಕಿ. ಒಳಗಿನಿಂದ ಹಾಕುವ ಬೆಳ್ಳಿ ಬಣ್ಣದ ಶೇಡ್ ಅರ್ಧ ಕೆಲಸವಷ್ಟೇ ಮಾಡುತ್ತದೆ. ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ತಡೆದರೆ ಆ ಶಾಖದ ಬಹುಪಾಲು ಒಳಗೇ ಉಳಿಯಿತು ಅಲ್ವಾ? ಡ್ರೈವರ್ ಸೀಟಿಗೂ ಹಿಂದಿನ ಮಲಗುವ ಜಾಗಕ್ಕೂ ನಡುವೆ ದಪ್ಪ ಪರದೆ ಕಟ್ಟಿ, ನೆಲದವರೆಗೆ ಬರುವಂಥದ್ದು. ಮಲಗುವ ಜಾಗ ತಂಪಾದರೆ ಸಾಕು, ಸ್ಟೇರಿಂಗಿಗೆ ಎಸಿ ಬೇಡ.

ಗಾಳಿಮರದ ತೋಪು ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ತೆಂಗಿನ ಮರದ ಬುಡದಲ್ಲಿ ಮಾತ್ರ ನಿಲ್ಲಿಸಬೇಡಿ. ಕಾಯಿ ಬಿದ್ದರೆ ಪ್ಯಾನೆಲ್ ಗಾಜು ಹೋಗುತ್ತದೆ, ಮಡಲು ಬಿದ್ದರೂ ರೂಫ್ ತಗ್ಗುತ್ತದೆ.

ತೇವ

ಇದನ್ನು ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಹೊರಗಿನವರು ಲೆಕ್ಕಕ್ಕೆ ಹಿಡಿಯದ ಖರ್ಚು ಇದೇ.

ಹೊರಗೆ 33 ಡಿಗ್ರಿ, ತೇವಾಂಶ 70% ಇದೆ ಅಂದುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 25 ಗ್ರಾಂ ನೀರಿನ ಆವಿ ಇರುತ್ತದೆ. ಎಸಿ ಹಾಕಿದ ಗಾಡಿಯೊಳಗೆ, 24 ಡಿಗ್ರಿ 55% ತೇವ ಇದ್ದರೆ, ಸುಮಾರು 12 ಗ್ರಾಂ. ಒಂದು ಟೆಂಪೋ ಟ್ರಾವೆಲರ್ ಒಳಗೆ 14, 15 ಘನ ಮೀಟರ್ ಗಾಳಿ ಹಿಡಿಯುತ್ತದೆ. ಬಾಗಿಲು ತೆರೆದಿಟ್ಟು ಮಾತಾಡುತ್ತಾ ನಿಂತು ಒಳಗಿನ ಗಾಳಿಯೆಲ್ಲ ಬದಲಾಯಿತು ಅಂದರೆ ಹೆಚ್ಚುಕಡಿಮೆ ಒಂದು ಲೋಟ ನೀರನ್ನು ಆವಿ ರೂಪದಲ್ಲಿ ಒಳಗೆ ತಂದ ಹಾಗಾಯಿತು. ಎಸಿ ಅದನ್ನು ಮತ್ತೆ ಹಿಂಡಬೇಕು.

ಒಂದು ಲೀಟರ್ ನೀರನ್ನು ಗಾಳಿಯಿಂದ ಹಿಂಡಲು ಎಸಿ ಸುಮಾರು 0.7 ಯೂನಿಟ್‌ನಷ್ಟು ಶಾಖ ಹೊರಗೆ ಹಾಕಬೇಕು (ಒಂದು ಯೂನಿಟ್ ಅಂದರೆ 1000 ವ್ಯಾಟ್ ಒಂದು ತಾಸು). ಒಳ್ಳೆಯ ಎಸಿ ಒಂದು ಪಾಲು ಕರೆಂಟ್ ತಿಂದು ಮೂರು ಪಾಲು ಶಾಖ ಸಾಗಿಸುತ್ತದೆ. ಅಂದರೆ ಒಂದು ಲೀಟರಿಗೆ 0.2 ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟ್. ಇದು ನೆನಪಿಟ್ಟುಕೊಂಡರೆ ಒಂದು ಸುಲಭದ ಪರೀಕ್ಷೆ ಸಿಗುತ್ತದೆ. ಎಸಿಯ ನೀರು ಹೋಗುವ ಪೈಪಿನ ಕೆಳಗೆ ರಾತ್ರಿ ಒಂದು ಕ್ಯಾನ್ ಇಡಿ. ಬೆಳಿಗ್ಗೆ ಎಷ್ಟು ಲೀಟರ್ ಇದೆ ನೋಡಿ. ಇಬ್ಬರು ಮಲಗುವ, ಚೆನ್ನಾಗಿ ಮುಚ್ಚಿದ ಗಾಡಿಯಲ್ಲಿ ಒಂದೂವರೆ, ಎರಡು ಲೀಟರ್ ಬಂದರೆ ಸರಿ, ಮನುಷ್ಯರ ಉಸಿರು ಮತ್ತು ಬೆವರಿನ ತೇವವೇ ಅಷ್ಟರಲ್ಲಿ ಅರ್ಧದಷ್ಟು ಇರುತ್ತದೆ. ನಾಲ್ಕು, ಐದು ಲೀಟರ್ ಬಂತು ಅಂದರೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ, ಇಲ್ಲವೇ ನೀವೇ ಒಳಗೆ ನೀರು ತರುತ್ತಿದ್ದೀರಿ. ಯಾವ ಮೀಟರೂ ಇಲ್ಲದೆ ಗಾಡಿಯ ಆರೋಗ್ಯ ಹೇಳುವ ಕ್ಯಾನ್ ಅದು.

ನೀರು ಒಳಗೆ ಬರುವ ದಾರಿಗಳು ಗೊತ್ತಿರುವಂಥವೇ. ಕಡಲಲ್ಲಿ ಮಿಂದು ಬಂದ ಒದ್ದೆ ಬಟ್ಟೆ, ಟವೆಲ್. ಒಳಗೇ ಬೇಯಿಸುವ ಅನ್ನ, ಸಾರು. ಮಳೆಗಾಲದಲ್ಲಿ ಛತ್ರಿ, ರೇನ್‌ಕೋಟ್, ಒದ್ದೆ ಚಪ್ಪಲಿ. ಬಟ್ಟೆಯನ್ನು ಎಸಿ ಗಾಳಿಗೆ ಒಣಗಿಸುವುದು ಅಂದರೆ ಬ್ಯಾಟರಿಯಲ್ಲಿ ಬಟ್ಟೆ ಒಣಗಿಸಿದ ಹಾಗೆ. ಅಡುಗೆಯನ್ನು ಸಂಜೆಯೇ ಹೊರಗೆ, ಟಾರ್ಪಲ್ ಕಟ್ಟಿ ಅದರಡಿ ಮುಗಿಸಿ. ಇಂಡಕ್ಷನ್ ಒಲೆ ಇದ್ದರೆ ಅದು 1500, 2000 ವ್ಯಾಟ್ ಎಳೆಯುತ್ತದೆ, ಎಸಿ ಓಡುವಾಗ ಅದನ್ನು ಹಚ್ಚಲೇಬೇಡಿ.

ಬಾಗಿಲಿನ ಬೀಡಿಂಗ್, ನೆಲದಲ್ಲಿ ವೈರ್ ಹೋಗುವ ತೂತು, ಗೇರ್ ಲಿವರ್ ಸುತ್ತ, ಹಿಂದಿನ ಬಾಗಿಲಿನ ಕೆಳಗೆ, ಇಲ್ಲೆಲ್ಲ ಊದುಬತ್ತಿ ಹೊಗೆ ಹಿಡಿದು ನೋಡಿ, ಗಾಳಿ ಎಲ್ಲಿ ಸೆಳೆಯುತ್ತದೆ ಅಂತ ತಿಳಿಯುತ್ತದೆ. ಹಾಗಂತ ಗಾಡಿಯನ್ನು ಡಬ್ಬದ ಹಾಗೆ ಪೂರ್ತಿ ಮುಚ್ಚಬೇಡಿ. ಜನ ಮಲಗುವ ಜಾಗಕ್ಕೆ ಹೊಸ ಗಾಳಿ ಬೇಕೇ ಬೇಕು. ಒಂದು ಚಿಕ್ಕ ವೆಂಟ್, ನೀವೇ ತೆರೆದು ಮುಚ್ಚಬಹುದಾದದ್ದು, ಸದಾ ಸ್ವಲ್ಪ ತೆರೆದಿರಲಿ. ತೊಂದರೆ ಇರುವುದು ನಿಮ್ಮ ಕೈಯಲ್ಲಿಲ್ಲದ ಸಂದಿಗಳಲ್ಲಿ.

ಯಾವ ಎಸಿ

ಅಮೆರಿಕದ ಆರ್‌ವಿಗಳ (ಅಲ್ಲಿನ ಕ್ಯಾಂಪರ್ ಗಾಡಿಗಳ) ರೂಫ್ ಮೇಲೆ ಕೂರುವ ಎಸಿಗಳ ವಿಡಿಯೋ ನೋಡಿ ಅದನ್ನೇ ತರಿಸಿಕೊಳ್ಳುವ ಆಸೆ ಹಲವರಿಗೆ. ಅವು ಸಾಮಾನ್ಯವಾಗಿ 13,500 ಅಥವಾ 15,000 ಬಿಟಿಯು (12,000 ಬಿಟಿಯು ಅಂದರೆ ಒಂದು ಟನ್), ಬಹಳಷ್ಟು 115 ವೋಲ್ಟ್ 60 ಹರ್ಟ್ಜ್‌ನವು, ನಮ್ಮ 230 ವೋಲ್ಟ್ 50 ಹರ್ಟ್ಜ್‌ಗೆ ಸೀದಾ ಬರುವುದಿಲ್ಲ. ಹಳೆಯ ಮಾದರಿಯವು ಓಡುವಾಗ 1300, 1500 ವ್ಯಾಟ್ ಎಳೆಯುತ್ತವೆ. ಕಂಪ್ರೆಸರ್ ಎತ್ತುವ ಕ್ಷಣದಲ್ಲಿ ಅದರ ಹಲವು ಪಟ್ಟು. ಈಗಾಗಲೇ ಅಂಥ ಎಸಿ ಇದ್ದರೆ ಕಂಪ್ರೆಸರನ್ನು ಮೆಲ್ಲಗೆ ಎತ್ತುವ ಸಾಫ್ಟ್ ಸ್ಟಾರ್ಟರ್ ಹಾಕಿಸಿ, ಆ ಎಳೆತ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಇನ್ವರ್ಟರ್ (ಬ್ಯಾಟರಿಯ ಡಿಸಿಯನ್ನು ಮನೆ ಕರೆಂಟಿನ ಹಾಗೆ ಬದಲಿಸುವ ಪೆಟ್ಟಿಗೆ) ಕಟ್ ಆಗುವುದು ನಿಲ್ಲುತ್ತದೆ. ಆದರೆ ಓಡುವಾಗಿನ ಖರ್ಚು ಇದರಿಂದ ಕಡಿಮೆಯಾಗುವುದಿಲ್ಲ, ಅದನ್ನು ತಿಳಿದುಕೊಂಡೇ ದುಡ್ಡು ಹಾಕಿ.

ಹೊಸದಾಗಿ ಮಾಡಿಸುವವರಿಗೆ ನನ್ನ ಆಯ್ಕೆ ಮನೆಗೆ ಹಾಕುವ ಇನ್ವರ್ಟರ್ ಸ್ಪ್ಲಿಟ್ ಎಸಿ, ಮುಕ್ಕಾಲು ಟನ್ ಅಥವಾ ಒಂದು ಟನ್, 5 ಸ್ಟಾರ್. ಇಲ್ಲಿ ಇನ್ವರ್ಟರ್ ಅನ್ನುವುದು ಎಸಿಯ ಬಗೆ, ಬ್ಯಾಟರಿಗೆ ಜೋಡಿಸುವ ಪೆಟ್ಟಿಗೆ ಅಲ್ಲ. ಇದರ ಕಂಪ್ರೆಸರ್ ನಿಂತು ಹೊರಡುವ ಬದಲು ನಿಧಾನ ಆಗುತ್ತದೆ. ಶುರುವಿನಲ್ಲಿ 900, 1000 ವ್ಯಾಟ್ ಎಳೆದರೂ ಗಾಡಿ ತಂಪಾದ ಮೇಲೆ 250ರಿಂದ 450 ವ್ಯಾಟ್‌ನಲ್ಲಿ ಸುಮ್ನೆ ಓಡುತ್ತಿರುತ್ತದೆ. ಎತ್ತುವಾಗ ಜೋರು ಎಳೆತವೂ ಇಲ್ಲ. ಒಂದೂವರೆ ಟನ್ ಬೇಡ. ದೊಡ್ಡ ಎಸಿ ಚಿಕ್ಕ ಜಾಗವನ್ನು ಬೇಗ ತಣ್ಣಗೆ ಮಾಡಿ ಕುಂಟುತ್ತದೆ, ನೀರು ಹಿಂಡುವುದಿಲ್ಲ. ಮೈಗೆ ತಣ್ಣಗೆ, ಆದರೆ ಹಾಸಿಗೆ ಅಂಟಂಟು. ಆಗ ಎಲ್ಲರೂ ಮಾಡುವುದು ಇನ್ನೂ ಎರಡು ಡಿಗ್ರಿ ಇಳಿಸುವುದು, ಬ್ಯಾಟರಿ ಮುಗಿಯುವುದೂ ಹಾಗೆಯೇ.

ಲಾರಿಗಳಿಗೆ ಬರುವ 24 ವೋಲ್ಟಿನ ಪಾರ್ಕಿಂಗ್ ಎಸಿಯೂ ಒಂದು ದಾರಿ. ಅದು ಬ್ಯಾಟರಿಯಿಂದ ಸೀದಾ ಡಿಸಿ ತಗೊಳ್ಳುತ್ತದೆ, ಇನ್ವರ್ಟರಿನ ನಷ್ಟ ಉಳಿಯುತ್ತದೆ. ಚಿಕ್ಕ ಗಾಡಿಗೆ, ಹಾಸಿಗೆ ಭಾಗಕ್ಕೆ ಮಾತ್ರ ತಂಪು ಸಾಕು ಅನ್ನುವವರಿಗೆ ಒಳ್ಳೆಯದು. ತಗೊಳ್ಳುವ ಮುಂಚೆ ರಿಪೇರಿ ಮಾಡುವವರು ನಿಮ್ಮ ಹತ್ತಿರದ ಊರಲ್ಲಿ ಇದ್ದಾರಾ ಅಂತ ಕೇಳಿ. ಮನೆ ಎಸಿಯಾದರೆ ಕುಮಟಾ, ಹೊನ್ನಾವರ, ಶಿರಸಿ, ಎಲ್ಲ ಕಡೆ ಮೆಕ್ಯಾನಿಕ್ ಸಿಗುತ್ತಾರೆ. ನನಗೆ ಅದು ದೊಡ್ಡ ಕಾರಣ.

ಸ್ಪ್ಲಿಟ್ ಹಾಕಿಸುವಾಗ ಒಂದು ಎಚ್ಚರಿಕೆ. ಗಾಡಿ ಅಲುಗುತ್ತದೆ, ಮನೆ ಗೋಡೆ ಅಲುಗುವುದಿಲ್ಲ. ತಾಮ್ರದ ಪೈಪನ್ನು ನೇರ ಎಳೆಯದೆ ಒಂದೆರಡು ಸುತ್ತು ಬಿಟ್ಟು, ಔಟ್‌ಡೋರ್ (ಎಸಿಯ ಹೊರಗಿನ ಪೆಟ್ಟಿಗೆ) ಕೆಳಗೆ ರಬ್ಬರ್ ಕೊಟ್ಟು ಕೂರಿಸಬೇಕು. ಅರಬೈಲ್ ಘಟ್ಟ, ದೇವಿಮನೆ ಘಟ್ಟ ಹತ್ತಿ ಇಳಿದರೆ ಬಿಗಿಯಾದ ಪೈಪಿನ ಜಾಯಿಂಟ್ ಬಿರುಕು ಬಿಟ್ಟು ಗ್ಯಾಸ್ ಸೋರುತ್ತದೆ. ಗ್ಯಾಸ್ ಕಡಿಮೆ ಆದರೆ ಎಸಿ ನಿಲ್ಲುವುದಿಲ್ಲ, ಪೂರ್ತಿ ವ್ಯಾಟ್ ತಿನ್ನುತ್ತಾ ಅರ್ಧ ತಂಪು ಕೊಡುತ್ತದೆ. ಪೈಪಿನ ಮೇಲೆ ಮಂಜು ಕಟ್ಟಿದರೆ, ಎರಡು ತಾಸಾದರೂ ವ್ಯಾಟ್ ಇಳಿಯದಿದ್ದರೆ ಮೊದಲು ಗ್ಯಾಸ್ ಮತ್ತು ಫಿಲ್ಟರ್ ನೋಡಿಸಿ. ಔಟ್‌ಡೋರನ್ನು ಗಾಡಿಯ ಅಡಿಗೆ, ಬಿಸಿ ಗಾಳಿ ಹೊರಗೆ ಹೋಗದ ಮೂಲೆಗೆ ತುರುಕಬೇಡಿ. ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಖರ್ಚು ಏರುತ್ತಲೇ ಹೋಗುತ್ತದೆ.

ಬ್ಯಾಟರಿ ಲೆಕ್ಕ

ಈಗ ಲೆಕ್ಕ. ರಾತ್ರಿ ಎಂಟು ತಾಸು ಎಸಿ, ಸರಾಸರಿ 400 ವ್ಯಾಟ್ ಅಂದುಕೊಳ್ಳೋಣ. 3.2 ಯೂನಿಟ್ ಆಯಿತು. ಇನ್ವರ್ಟರ್ 90% ದಕ್ಷತೆಯದ್ದಾದರೆ ಬ್ಯಾಟರಿಯಿಂದ ಹೋಗುವುದು 3.55. ಇನ್ವರ್ಟರ್ ಸುಮ್ನೆ ಆನ್ ಇರುವುದಕ್ಕೇ 30 ವ್ಯಾಟ್ ಆಸುಪಾಸು ತಿನ್ನುತ್ತದೆ, ಅದು ಕಾಲು ಯೂನಿಟ್. ಫ್ಯಾನ್ ಮತ್ತು ಡಿಸಿ ಫ್ರಿಜ್ ಸೇರಿ ಇನ್ನೊಂದು 0.35. ಒಟ್ಟು ನಾಲ್ಕು ಯೂನಿಟ್ ದಾಟುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 51.2 ವೋಲ್ಟ್ 100 ಎಎಚ್‌ನದು (ಆಂಪ್-ಅವರ್), 5.12 ಯೂನಿಟ್ ಹಿಡಿಯುತ್ತದೆ. ಅದರಲ್ಲಿ 85% ಬಳಸಿದರೆ ಒಂದು ರಾತ್ರಿಗೆ ಸರಿಯಾಗಿ ಸಾಕು. ತೂಕ 50 ಕೆ.ಜಿ. ಒಳಗೆ. ಅದೇ ಕೆಲಸಕ್ಕೆ ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಹಾಕುತ್ತೇನೆ ಅಂದರೆ ಒಂದೊಂದರಲ್ಲಿ 1.8 ಯೂನಿಟ್ ಬರೆದಿದ್ದರೂ ಬಾಳಿಕೆ ಬರಬೇಕಾದರೆ ಅರ್ಧ ಮಾತ್ರ ಬಳಸಬೇಕು. ಅಂದರೆ ಐದು ಬ್ಯಾಟರಿ, ಪ್ರತಿಯೊಂದೂ 50 ಕೆ.ಜಿ. ಮೇಲೆ. ಜೋರಾಗಿ ಎಳೆದಾಗ ಲೆಡ್ ಆಸಿಡ್ ಬ್ಯಾಟರಿ ಬರೆದಷ್ಟು ಕೊಡುವುದೂ ಇಲ್ಲ. ಎಸಿ ಓಡಿಸುವ ಗಾಡಿಗೆ ಅದು ಬೇಡ.

ಮೇಲೆ ಹೇಳಿದ ಬಿಸಿಲು, ತೇವದ ಕೆಲಸ ಸರಿಯಾಗಿ ಮಾಡಿ ಸರಾಸರಿಯನ್ನು 400ರಿಂದ 300ಕ್ಕೆ ಇಳಿಸಿದರೆ ಒಂದು ರಾತ್ರಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ಉಳಿಯುತ್ತದೆ. ಒಂದು 12.8 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿ ಹಿಡಿಯುವುದೇ 1.28 ಯೂನಿಟ್. ಬಿಳಿ ಬಣ್ಣ, ಪರದೆ, ಬೀಡಿಂಗ್‌ನಲ್ಲಿ ಒಂದು ಬ್ಯಾಟರಿಯ ದುಡ್ಡು ಉಳಿಯಿತು.

ವೋಲ್ಟ್ ಎಷ್ಟಿರಬೇಕು ಅನ್ನುವುದು ಸಣ್ಣ ವಿಷಯ ಅಲ್ಲ. 1000 ವ್ಯಾಟ್ ಲೋಡಿಗೆ 12 ವೋಲ್ಟಿನಲ್ಲಿ 90 ಆಂಪ್ ಮೇಲೆ ಹರಿಯುತ್ತದೆ, 48 ವೋಲ್ಟಿನಲ್ಲಿ 22 ಆಂಪ್ ಆಸುಪಾಸು. ವೈರಿನಲ್ಲಿ ಹುಟ್ಟುವ ಬಿಸಿ ಆಂಪಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ನಾಲ್ಕು ಪಟ್ಟು ಆಂಪಿಗೆ ಹದಿನಾರು ಪಟ್ಟು ನಷ್ಟ. ಆದ್ದರಿಂದ ಎಸಿ ಇದ್ದರೆ 48, ಕೊನೆಗೆ 24. ಈಗಾಗಲೇ 12 ವೋಲ್ಟ್ ಇರುವವರು ಬ್ಯಾಟರಿಯಿಂದ ಇನ್ವರ್ಟರಿಗೆ ಕೇಬಲ್ ಒಂದು ಮೀಟರ್ ಮೀರದಂತೆ, 35 ಸ್ಕ್ವೇರ್ ಎಂಎಂಗಿಂತ ಕಡಿಮೆ ಇಲ್ಲದಂತೆ ಹಾಕಿ. ಬ್ಯಾಟರಿಯ ಪ್ಲಸ್ ಹತ್ತಿರವೇ ಫ್ಯೂಸ್ ಇರಲೇಬೇಕು. ಎಸಿ ಪೂರ್ತಿ ಓಡುವಾಗ ಮಲ್ಟಿಮೀಟರಿನಲ್ಲಿ ಬ್ಯಾಟರಿ ತುದಿಯ ವೋಲ್ಟ್, ಇನ್ವರ್ಟರ್ ತುದಿಯ ವೋಲ್ಟ್ ಎರಡೂ ನೋಡಿ. 12 ವೋಲ್ಟಿನಲ್ಲಿ ವ್ಯತ್ಯಾಸ 0.2 ವೋಲ್ಟ್ ಮೀರಿದರೆ ಕೇಬಲ್ ತುದಿಯ ಲಗ್ ಸರಿಯಾಗಿ ಒತ್ತಿಲ್ಲ ಅಥವಾ ಕೇಬಲ್ ಸಣ್ಣದಾಯಿತು. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಬೇಕು. ಮತ್ತೆ ಬ್ಯಾಟರಿಯೊಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕಿಟ್) ಎಷ್ಟು ಆಂಪ್ ಬಿಡುತ್ತದೆ ಕೇಳಿ, 12 ವೋಲ್ಟಿನ ಬ್ಯಾಟರಿಯಲ್ಲಿ 100 ಆಂಪ್ ಬಿಎಂಎಸ್ ಇದ್ದರೆ 1200 ವ್ಯಾಟ್ ಮೇಲೆ ಹೋಗುತ್ತಲೇ ಕಟ್ ಆಗುತ್ತದೆ.

ವೋಲ್ಟ್ ನೋಡಿ ಲಿಥಿಯಂ ಎಷ್ಟು ಉಳಿದಿದೆ ಅಂತ ಹೇಳಲಾಗದು. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಹೆಚ್ಚುಕಡಿಮೆ ಅದೇ ವೋಲ್ಟ್ ತೋರಿಸುತ್ತದೆ. ಶಂಟ್ (ಆಂಪ್ ಅಳೆಯುವ ತುಂಡು) ಇರುವ ಬ್ಯಾಟರಿ ಮಾನಿಟರ್ ಒಂದು ಹಾಕಿಸಿ. ಎಷ್ಟು ಆಂಪ್ ಬಂತು, ಎಷ್ಟು ಹೋಯಿತು ಅಂತ ಅದು ಎಣಿಸುತ್ತದೆ.

ರಾತ್ರಿ ಓಡಿಸುವ ಕ್ರಮ

ಸಂಜೆ ಗಾಡಿಗೆ ಹತ್ತಿದ ಕೂಡಲೇ ಎಸಿ ಹಾಕಬೇಡಿ. ದಿನವಿಡೀ ಬಿಸಿಲಿಗೆ ನಿಂತ ಗಾಡಿಯ ಒಳಗಿನ ಗಾಳಿ ಹೊರಗಿಗಿಂತ ಬಿಸಿ. ಮೊದಲು ಎಲ್ಲ ಕಿಟಕಿ, ಬಾಗಿಲು ತೆಗೆದು ರೂಫಿನ ಎಕ್ಸಾಸ್ಟ್ ಫ್ಯಾನ್ ಹಾಕಿ ಕಾಲು ಗಂಟೆ ಬಿಡಿ. ಸಂಜೆ ಕಡಲ ಗಾಳಿ ಇನ್ನೂ ಬೀಸುತ್ತಿರುತ್ತದೆ, ಆ ಬಿಸಿಯನ್ನು ಅದು ಬಿಟ್ಟಿಯಾಗಿ ಒಯ್ಯುತ್ತದೆ. ರಾತ್ರಿ ಗಾಳಿ ದಿಕ್ಕು ಬದಲಿಸುವ ಹೊತ್ತಿಗೆ ಎಲೆಯೂ ಅಲುಗದಂಥ ಸಮಯ ಬರುತ್ತದಲ್ಲ, ಅಷ್ಟರೊಳಗೆ ಈ ಕೆಲಸ ಮುಗಿದಿರಬೇಕು.

ಆಮೇಲೆ ಎಲ್ಲ ಮುಚ್ಚಿ ಎಸಿ ಹಾಕಿ. ಮೊದಲ ಅರ್ಧ ಗಂಟೆ ಫ್ಯಾನ್ ಜೋರಾಗಿ, 24ರಲ್ಲಿ. 16ಕ್ಕೆ ಇಳಿಸಿದರೆ ಬೇಗ ತಂಪಾಗುತ್ತದೆ ಅನ್ನುವುದು ಸುಳ್ಳು, ಎಸಿ ಎರಡಕ್ಕೂ ಅಷ್ಟೇ ಜೋರಾಗಿ ಓಡುತ್ತದೆ, 16ರಲ್ಲಿ ನಿಲ್ಲುವುದಿಲ್ಲ ಅಷ್ಟೇ. ತಂಪಾದ ಮೇಲೆ 26 ಅಥವಾ 27ಕ್ಕೆ ಏರಿಸಿ, ಹಾಸಿಗೆ ಮೇಲೆ ಬೀಳುವ ಹಾಗೆ ಒಂದು ಡಿಸಿ ಫ್ಯಾನ್ ಇಡಿ. 15, 20 ವ್ಯಾಟಿನ ಫ್ಯಾನ್ ಗಾಳಿ ಮೈಗೆ ತಾಗಿದರೆ 27 ಡಿಗ್ರಿಯೂ 24ರ ಹಾಗೆ ಅನ್ನಿಸುತ್ತದೆ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು 6% ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಅದೇ ಕಾರಣಕ್ಕೆ 2020ರ ಜನವರಿಯಿಂದ ಸ್ಟಾರ್ ಇರುವ ರೂಮ್ ಎಸಿಗಳು 24ರಲ್ಲೇ ಶುರುವಾಗುವಂತೆ ಬರುತ್ತಿವೆ.

ಡ್ರೈ ಮೋಡ್ ಅಂತ ರಿಮೋಟಿನಲ್ಲಿ ಒಂದು ನೀರಹನಿಯ ಚಿತ್ರ ಇರುತ್ತದೆ. ಒಳನಾಡಿನವರು ಅದನ್ನು ಮುಟ್ಟುವುದೇ ಇಲ್ಲ, ನಮ್ಮ ಕಡೆ ಅದೇ ಮುಖ್ಯ. ಅದರಲ್ಲಿ ಫ್ಯಾನ್ ನಿಧಾನ ಆಗಿ ಕಾಯಿಲ್ ತಣ್ಣಗೆ ಉಳಿಯುತ್ತದೆ, ನೀರು ಚೆನ್ನಾಗಿ ಹಿಂಡುತ್ತದೆ. ಇನ್ವರ್ಟರ್ ಎಸಿ ತೀರಾ ನಿಧಾನ ಓಡುವಾಗ ತಂಪು ಕೊಟ್ಟರೂ ತೇವ ತೆಗೆಯುವುದು ಕಡಿಮೆ, ಹಾಗಾಗಿ ಮಧ್ಯರಾತ್ರಿ ಅಂಟಂಟು ಅನ್ನಿಸಿದರೆ ಡಿಗ್ರಿ ಇಳಿಸುವ ಬದಲು ಒಂದು ಗಂಟೆ ಡ್ರೈ ಹಾಕಿ ನೋಡಿ. ನೂರಿನ್ನೂರು ರೂಪಾಯಿಗೆ ಸಿಗುವ ತೇವಾಂಶ ಮೀಟರ್ ಹಾಸಿಗೆ ಹತ್ತಿರ ತೂಗುಹಾಕಿದರೆ ಇನ್ನೂ ಸುಲಭ, 60%ಗಿಂತ ಕೆಳಗೆ ಇದ್ದರೆ 27ರಲ್ಲೂ ಹಾಯಾಗಿ ನಿದ್ದೆ ಬರುತ್ತದೆ. ಹಳೆಯ ರೂಫ್ ಎಸಿ ಇರುವವರು ಫ್ಯಾನನ್ನು ಆಟೋದಲ್ಲಿ ಇಡಿ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಮೇಲೆ ಹಿಂಡಿದ ನೀರನ್ನು ಅದು ಮತ್ತೆ ಗಾಡಿಯೊಳಗೇ ಊದುತ್ತದೆ.

ಬೆಳಗಿನ ಜಾವ ನಾಲ್ಕೂವರೆ, ಐದಕ್ಕೆ ಟೈಮರ್ ಇಟ್ಟು ಎಸಿ ಆರಿಸಿ. ಹೊರಗೆ ಅದೇ ದಿನದ ಅತಿ ತಂಪು ಹೊತ್ತು, ಒಳಗಿನ ಹಾಸಿಗೆ ಪ್ಲೈವುಡ್ ಎಲ್ಲ ತಣ್ಣಗಾಗಿರುತ್ತವೆ, ಫ್ಯಾನ್ ಒಂದರಲ್ಲೇ ಆರೂವರೆವರೆಗೆ ಮಲಗಬಹುದು.

ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ತಗೊಳ್ಳಿ. ಬ್ಯಾಟರಿ ಮುಗಿಯಿತು ಅಂತ ಎಂಜಿನ್ ಹಚ್ಚಿಟ್ಟು ಅಥವಾ ಗಾಡಿಯ ಹತ್ತಿರ ಜನರೇಟರ್ ಓಡಿಸಿ ಮಲಗಬೇಡಿ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನಿನಲ್ಲಿ ಇಬ್ಬರು ಸತ್ತರು. ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಗಾಡಿಯೊಳಗೆ ಬಂದಿತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಲೆದಿಂಬಿನ ಹತ್ತಿರ ಇರಲಿ. ಬ್ಯಾಟರಿ ಮುಗಿದರೆ ಕಿಟಕಿಗೆ ಸೊಳ್ಳೆ ಪರದೆ ಹಾಕಿ ತೆರೆದು, ಫ್ಯಾನ್ ಹಾಕಿ ಮಲಗಿ. ಒಂದು ರಾತ್ರಿ ಬೆವರಿದರೆ ಏನೂ ಆಗುವುದಿಲ್ಲ.

ಮತ್ತೆ ತುಂಬಿಸುವುದು

ರೂಫಿನಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ಇದ್ದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಿನಕ್ಕೆ ನಾಲ್ಕು ಯೂನಿಟ್ ಆಸುಪಾಸು ನಿರೀಕ್ಷಿಸಬಹುದು, ಬಿಸಿಲಲ್ಲಿ ನಿಲ್ಲಿಸಿದರೆ. ತೊಡಕು ಅಲ್ಲೇ ಇದೆ. ಗಾಡಿ ನೆರಳಲ್ಲಿದ್ದರೆ ಪ್ಯಾನೆಲ್ಲೂ ನೆರಳಲ್ಲಿ. ರೂಫಿನಲ್ಲಿ ಅರ್ಧ, ಮಡಚುವ ಪ್ಯಾನೆಲ್ ಅರ್ಧ ಇಟ್ಟುಕೊಂಡು, ಗಾಡಿ ಗಾಳಿಮರದ ಅಡಿಗೆ, ಮಡಚುವ ಪ್ಯಾನೆಲ್ ಉದ್ದ ಕೇಬಲಿನಲ್ಲಿ ಬಿಸಿಲಿಗೆ ಹಾಕುವುದು ನನಗೆ ಸರಿ ಕಾಣುವ ದಾರಿ. ಜೂನ್, ಜುಲೈಯಲ್ಲಿ ಸೋಲಾರ್ ನಂಬಿ ಹೊರಡಬೇಡಿ.

ಓಡುವಾಗ ಆಲ್ಟರ್ನೇಟರಿನಿಂದ ತುಂಬಿಸಲು ಡಿಸಿ-ಡಿಸಿ ಚಾರ್ಜರ್ ಬೇಕು. ಸೀದಾ ಜೋಡಿಸಿದರೆ ಲಿಥಿಯಂ ಬ್ಯಾಟರಿ ಸಿಕ್ಕಷ್ಟೂ ಎಳೆದು ಆಲ್ಟರ್ನೇಟರ್ ಸುಡುತ್ತದೆ. 500 ವ್ಯಾಟಿನ ಚಾರ್ಜರ್ ಇದ್ದರೆ ಕಾರವಾರದಿಂದ ಭಟ್ಕಳದವರೆಗೆ, ಎರಡೂವರೆ ಗಂಟೆಯ ದಾರಿಯಲ್ಲಿ, ಒಂದು ಯೂನಿಟ್‌ಗಿಂತ ಜಾಸ್ತಿ ಬರುತ್ತದೆ. ಜೊತೆಗೆ ಊರು ಮುಟ್ಟುವ ಕೊನೆಯ ಅರ್ಧ ಗಂಟೆ ಪರದೆ ಸರಿಸಿ ಗಾಡಿಯ ಸ್ವಂತ ಎಸಿಯಿಂದಲೇ ಹಿಂದಿನ ಭಾಗ, ಹಾಸಿಗೆ ಎಲ್ಲ ತಂಪು ಮಾಡಿಟ್ಟುಕೊಳ್ಳಿ. ಹೇಗೂ ಎಂಜಿನ್ ಓಡುತ್ತಿದೆ, ಆ ತಂಪು ಬ್ಯಾಟರಿಯ ಲೆಕ್ಕಕ್ಕೆ ಬರುವುದಿಲ್ಲ.

ಹೋಂಸ್ಟೇಯಲ್ಲಿ ಕರೆಂಟ್ ಸಿಕ್ಕರೆ 16 ಆಂಪಿನ ಪ್ಲಗ್ ಕೇಳಿ. ಹಳೆಯ ಮನೆಗಳಲ್ಲಿ ವೈರ್ ಸಣ್ಣ ಇರುತ್ತದೆ, ಚಾರ್ಜರನ್ನು 1000 ವ್ಯಾಟ್ ಒಳಗೆ ಇಳಿಸಿ ಇಡಿ, ಐದಾರು ಗಂಟೆಯಲ್ಲಿ ತುಂಬುತ್ತದೆ. ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಇನ್ನೂ ಇಳಿಸಿ. ಗಾಡಿಯಲ್ಲಿ 30 ಮಿಲಿ ಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಟ್ ಮಾಡುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇರಲಿ. ಒದ್ದೆ ಕಾಲಲ್ಲಿ ಓಡಾಡುವ ಊರು ಇದು. ಬಳಸಿದ ಯೂನಿಟ್ ಮಾನಿಟರಿನಲ್ಲಿ ತೋರಿಸಿ ದುಡ್ಡು ಕೊಟ್ಟು ಹೊರಡಿ, ಮುಂದಿನವರಿಗೂ ಅವರು ಖುಷಿಯಿಂದ ಪ್ಲಗ್ ಕೊಡುತ್ತಾರೆ.

ಉಪ್ಪುಗಾಳಿ

ಕಡಲ ಬದಿ ನಿಲ್ಲಿಸಿದ ಮೇಲೆ ಔಟ್‌ಡೋರಿನ ಅಲ್ಯೂಮಿನಿಯಂ ಫಿನ್‌ಗಳ ಮೇಲೆ ಉಪ್ಪು, ಮರಳು ಕೂರುತ್ತದೆ. ಶಾಖ ಹೊರಗೆ ಹೋಗುವುದು ಕಷ್ಟವಾಗಿ ವ್ಯಾಟ್ ಮೆಲ್ಲಗೆ ಏರುತ್ತದೆ. ಪ್ರವಾಸ ಮುಗಿದ ಕೂಡಲೇ ಸಿಹಿನೀರಲ್ಲಿ, ಪೈಪ್ ಮೆದುವಾಗಿ ಹಿಡಿದು, ತೊಳೆಯಿರಿ. ಜೆಟ್ ಹೊಡೆದರೆ ಫಿನ್ ಮಡಚಿ ಹೋಗುತ್ತವೆ. ಒಳಗಿನ ಫಿಲ್ಟರ್ ವಾರಕ್ಕೊಮ್ಮೆ. ಪ್ಯಾನೆಲ್ ಮೇಲಿನ ಉಪ್ಪಿನ ಪೊರೆಯನ್ನೂ ಬೆಳಿಗ್ಗೆ, ಬಿಸಿಲೇರುವ ಮುಂಚೆ ಒರೆಸಿ. ಬ್ಯಾಟರಿ ಮತ್ತು ಇನ್ವರ್ಟರ್ ಲಗ್‌ಗಳು ತವರ ಲೇಪಿಸಿದ ತಾಮ್ರದವಾಗಿರಲಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಹಸಿರು ಹಿಡಿದ ಲಗ್ ಅಂದರೆ ನಷ್ಟ, ಮುಂದೆ ಬೆಂಕಿ.

ಘಟ್ಟ ಹತ್ತುವುದು

ಇದನ್ನು ಹೊರಗಿನಿಂದ ಬರುವವರು ಯಾಕೋ ಯೋಚಿಸುವುದೇ ಇಲ್ಲ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ದಾರಿ 60 ಕಿ.ಮೀ. ಆಸುಪಾಸು. ಶಿರಸಿ ಕಡಲಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಅಂದರೆ ಎತ್ತರಕ್ಕೇ ಮೂರು ನಾಲ್ಕು ಡಿಗ್ರಿ ಕಡಿಮೆ. ಮೇಲೆ ಕಾಡು, ಅಡಿಕೆ ತೋಟದ ನೆರಳು ಬೇರೆ. ಬೇಸಿಗೆಯಲ್ಲೂ ರಾತ್ರಿ ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕಾಗುವ ದಿನಗಳೇ ಜಾಸ್ತಿ. ಹಗಲು ಗೋಕರ್ಣ, ಅಪ್ಸರಕೊಂಡ ನೋಡಿ, ಎರಡು ರಾತ್ರಿ ಕೆಳಗೆ ಎಸಿಯಲ್ಲಿ ಮಲಗಿ, ಮೂರನೆಯದಕ್ಕೆ ಘಟ್ಟ ಹತ್ತಿದರೆ ಬ್ಯಾಟರಿಗೆ ತುಂಬಿಕೊಳ್ಳಲು ಸಮಯ ಸಿಗುತ್ತದೆ. ಯಾಣ, ಉಂಚಳ್ಳಿ ಹೇಗೂ ಆ ಕಡೆಯೇ ಇವೆ.

ಮಳೆಗಾಲದಲ್ಲಿ ಮೇಲೆ ಕೆಳಗೆ ಎರಡೂ ಕಡೆ ತಂಪೇ. ಆಗ ಎಸಿ ಬೇಕಾಗುವುದು ಹಾಸಿಗೆಗೆ ಬೂಸ್ಟು ಹಿಡಿಯದ ಹಾಗೆ ನೋಡಿಕೊಳ್ಳಲು ಮಾತ್ರ. ಸಂಜೆ ಒಂದು ಗಂಟೆ ಡ್ರೈ ಮೋಡ್, ಮಲಗುವ ಮುಂಚೆ ಆಫ್. ಒದ್ದೆ ಸಾಮಾನೆಲ್ಲ ಪರದೆಯ ಆಚೆ, ಡ್ರೈವರ್ ಸೀಟಿನ ಕಡೆ ಇರಲಿ.